ಇಪ್ಪತ್ತೆಂಟು ಲಕೋಟೆಗಳ ವಿಲೇವಾರಿ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಗೆರೆ ಅಂಟು. ಲಕೋಟೆಯ ಬಾಯಿಗೆ ಸವರಿರುತ್ತಾರಲ್ಲ, ನಾಲಿಗೆ ತಾಗಿಸಿದರೆ ಸಪ್ಪಗೆ ಹತ್ತಿಕೊಳ್ಳುತ್ತದಲ್ಲ, ಅದೇ ಅಂಟು. ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ ಐದನೇ ತರಗತಿಯ ಇಪ್ಪತ್ತೆಂಟು ಮಕ್ಕಳಿಂದ ಕಾಗದ ಬರೆಸಿದ ಅರ್ಧಮೇಷ್ಟ್ರು, ಅದನ್ನು ಮಡಿಚಿ ಲಕೋಟೆಯೊಳಗೆ ಹಾಕಿ ಎಂದು ಹೇಳಿದರು, ಮೇಲೆ ವಿಳಾಸ ಬರೆಯಿರಿ ಎಂದೂ ಹೇಳಿದರು. ಅಂಟಿಸಬೇಡಿ ಎಂದು ಹೇಳುವುದನ್ನು ಮಾತ್ರ ಮರೆತರು.

ಅರ್ಧಮೇಷ್ಟ್ರು ಎಂಬುದು ಮಕ್ಕಳೇ ಇಟ್ಟ ಹೆಸರು. ಅದೇ ಊರಿನ ತರಬೇತಿ ಕಾಲೇಜಿನಿಂದ ಹನ್ನೆರಡು ವಾರದ ಪಾಠಾಭ್ಯಾಸಕ್ಕೆಂದು ಬಂದ ಮೊದಲ ದಿನವೇ ಅವರು ತರಗತಿಯ ಮುಂದೆ ನಿಂತು, ತಾನಿನ್ನೂ ಪೂರ್ತಿ ಮೇಷ್ಟ್ರಲ್ಲ, ಕೊನೆಯಲ್ಲೊಂದು ಪರೀಕ್ಷೆ ಇದೆ, ಕಾಲೇಜಿನವರು ಬಂದು ಪಾಠ ನೋಡಿ ಪಾಸು ಮಾಡಿದರಷ್ಟೇ ಪೂರ್ತಿಯಾಗುತ್ತೇನೆ ಎಂದು ಪ್ರಾಮಾಣಿಕವಾಗಿ ಹೇಳಿಕೊಂಡಿದ್ದರು. ಪ್ರಾಮಾಣಿಕತೆಗೆ ಐದನೇ ತರಗತಿಯಲ್ಲಿ ಸಿಗುವ ಬಹುಮಾನ ಇಂಥದ್ದೇ.

ಕಳೆದ ವರ್ಷ ಬೇರೊಂದು ಶಾಲೆಯಲ್ಲಿ ಇದೇ ಪರೀಕ್ಷೆಗೆ ನಿಂತಾಗ ನಕಾಶೆಯ ಸ್ಟ್ಯಾಂಡು ಉರುಳಿ ಪರೀಕ್ಷಕರ ತಲೆಯ ಮೇಲೆ ಎರಡು ಖಂಡಗಳು ಬಿದ್ದು, ಅರ್ಧಮೇಷ್ಟ್ರು ಫೇಲಾಗಿದ್ದರು. ಈ ಸಲ ಹಾಗಾಗುವಂತಿರಲಿಲ್ಲ. ನದಿಯಾಚೆಯ ಊರಿನ ಶಾಲೆಯೊಂದು ಅವರಿಗೆ ಕೆಲಸ ಕೊಡಲು ಒಪ್ಪಿತ್ತು. ಶುಕ್ರವಾರ ಪಾಸಾದರೆ ಸೋಮವಾರ ಹೋಗಿ ಸೇರಬೇಕು, ಇದನ್ನೂ ಅವರು ಮಕ್ಕಳಿಗೆ ಹೇಳಿಕೊಂಡಿದ್ದರು. ಎರಡು ವರ್ಷದಿಂದ ಅವರು ಬೀಡುಬಿಟ್ಟಿದ್ದ ಅಕ್ಕನ ಮನೆಯ ಮುಂದಿನ ಕೋಣೆಗೆ ಭಾವ ಈಗೀಗ ಅಳತೆಯ ಟೇಪು ಹಿಡಿದು ಬಂದು, ಮಂಚ ಇರುವ ಜಾಗವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು, ಏನೂ ಮಾತಾಡದೆ ಹೋಗುತ್ತಿದ್ದರು.

ಹಾಗೆಂದು ಹನ್ನೆರಡು ವಾರ ಸುಮ್ಮನೆ ಕಳೆದಿರಲಿಲ್ಲ. ಮೊದಲ ತಿಂಗಳು ಮಾತ್ರ ಘೋರವಾಗಿತ್ತು. ಪುಸ್ತಕ ತೆಗೆದು ಓದಿ ಎಂದರೆ ಮಕ್ಕಳು ಎಲ್ಲರೂ ಸೇರಿ ಕೆಸರಿನಲ್ಲಿ ಹೂತ ಗಾಡಿ ಎಳೆಯುವವರಂತೆ ಒಂದೇ ರಾಗದಲ್ಲಿ ಓದುತ್ತಿದ್ದರು. ‘ನಮ್ಮ ಶಾಲೆ’ ಎಂದು ಪ್ರಬಂಧ ಬರೆಸಿದರೆ ಇಪ್ಪತ್ತೆಂಟೂ ‘ನಮ್ಮ ಶಾಲೆ ಬಹಳ ಸುಂದರವಾಗಿದೆ’ ಎಂದೇ ಶುರುವಾದವು. ಅದನ್ನು ಬರೆಯುವಾಗ ಚಾವಣಿಯಿಂದ ಗಾರೆ ಉದುರಿ ಮೂವರ ಪುಸ್ತಕದ ಮೇಲೆ ಬಿದ್ದಿತ್ತು. ಮಕ್ಕಳು ಅದನ್ನು ಊದಿ ಮುಂದಿನ ವಾಕ್ಯಕ್ಕೆ ಹೋಗಿದ್ದರು.

ಐದನೇ ವಾರದಲ್ಲಿ ಒಂದು ಚೀಟಿ ಸಿಕ್ಕಿತು. ದಪ್ಪ ಕನ್ನಡಕದ ಹುಡುಗಿಯೊಬ್ಬಳು ಪಾಠದ ನಡುವೆ ಪಕ್ಕದವಳಿಗೆ ದಾಟಿಸುತ್ತಿದ್ದುದನ್ನು ಅರ್ಧಮೇಷ್ಟ್ರು ಹಿಡಿದರು. ‘ಮೇಷ್ಟ್ರ ಪ್ಯಾಂಟಿನ ಹಿಂದೆ ಸೀಮೆಸುಣ್ಣದ ಕೈ ಅಚ್ಚಾಗಿದೆ. ಐದು ಬೆರಳೂ ಇದೆ. ಬೋರ್ಡಿನ ಕಡೆ ತಿರುಗಿದಾಗ ನೋಡು, ನಗಬೇಡ’ ಎಂದಿತ್ತು. ಬೈಯಲು ಬಾಯಿ ತೆರೆದವರು ಹಾಗೆಯೇ ನಿಂತುಬಿಟ್ಟರು. ಕಣ್ಣಾರೆ ಕಂಡದ್ದು, ಓದುವವರು ಯಾರೆಂದು ತಿಳಿದು ಬರೆದದ್ದು, ಏನು ಮಾಡಬೇಕು ಏನು ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿದ್ದು. ಒಂದು ತಿಂಗಳಿನಿಂದ ಕಲಿಸಲು ಒದ್ದಾಡಿದ್ದೆಲ್ಲ ಆ ಬೆರಳಗಲದ ಚೀಟಿಯಲ್ಲಿತ್ತು. ಅವರು ಪ್ಯಾಂಟು ಒರೆಸಿಕೊಂಡು, ಚೀಟಿಯನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ, ಇವತ್ತಿನಿಂದ ಬರೆಯುವುದು ಅಂದರೆ ಹೀಗೆ ಎಂದರು.

ಆಮೇಲೆ ತರಗತಿಯ ಬಣ್ಣವೇ ಬದಲಾಯಿತು. ಮಕ್ಕಳು ಬರೆದರು, ಬರೆದದ್ದನ್ನು ಒಬ್ಬರದೊಬ್ಬರು ಕಿತ್ತುಕೊಂಡು ಓದಿದರು. ಕೊನೆಯ ಬೆಂಚಿನ ಒಬ್ಬ ಹುಡುಗಿಗೆ ಮಾತ್ರ ಓದೇ ಬರುತ್ತಿರಲಿಲ್ಲ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಸಾಲು ಮುಗಿಯುವ ಹೊತ್ತಿಗೆ ಸಾಲಿನ ಆರಂಭ ಮರೆಯುತ್ತಿದ್ದವಳನ್ನು ಎಲ್ಲರೂ ಬೆರಳಮ್ಮ ಎಂದೇ ಕರೆಯುತ್ತಿದ್ದರು. ಊಟದ ಬಿಡುವಿನಲ್ಲಿ ಅರ್ಧಮೇಷ್ಟ್ರು ಅವಳನ್ನು ಕರೆದುಕೊಂಡು ಶಾಲೆಯ ಸುತ್ತ ಅಡ್ಡಾಡುತ್ತ ಗೋಡೆ, ಬಾಗಿಲು, ಬಕೆಟ್ಟು, ಎಲ್ಲಿ ಅಕ್ಷರವಿದ್ದರೆ ಅಲ್ಲಿ ಓದಿಸಿದರು. ಅವಳು ಬೆರಳಿಲ್ಲದೆ ಒಂದೇ ಉಸಿರಿಗೆ ಓದಿದ ಮೊದಲ ವಾಕ್ಯ ‘ಇಲ್ಲಿ ಗಾಡಿ ನಿಲ್ಲಿಸಬಾರದು’. ಓದಿದವಳು ನಗಲಿಲ್ಲ, ಸುತ್ತ ನೋಡಿ, ಅಲ್ಲಿ ನಿಂತಿದ್ದ ಹೆಡ್‌ಮೇಡಮ್ಮಿನ ಸ್ಕೂಟರನ್ನು ತೋರಿಸಿದಳು.

ಹೀಗೆ ಹುಮ್ಮಸ್ಸು ಏರಿದ ತರಗತಿಗೆ ಪರೀಕ್ಷೆಯ ಹಿಂದಿನ ದಿನ ಕೊಟ್ಟ ಅಭ್ಯಾಸವೇ ಕಾಗದ. ಅರ್ಧಮೇಷ್ಟ್ರ ನಿಯಮಗಳು ಸರಳವಾಗಿದ್ದವು. ಈ ಊರಿನಲ್ಲೇ ಇರುವ ನಿಜವಾದ ಮನುಷ್ಯರಿಗೆ ಬರೆಯಬೇಕು. ನೋಡಿದ ಸಂಗತಿ ಒಂದಾದರೂ ಇರಬೇಕು. ಬೇಡಿಕೆ ಒಂದೇ ಇರಬೇಕು. ಮಿಕ್ಕದ್ದನ್ನು ಬೇಕಾದ ಹಾಗೆ ಕಲ್ಪಿಸಿಕೊಳ್ಳಬಹುದು.

“ಓದಿದೋರು ಕೂತಲ್ಲಿಂದ ಎದ್ದು ಹೊರಟುಬಿಡಬೇಕು, ಹಾಗೆ ಬರೀರಿ ನೋಡೋಣ,” ಎಂದರು.

ಮಕ್ಕಳು ಹಾಗೆಯೇ ಬರೆದರು. ಬರೆದು, ನೆಕ್ಕಿ, ಅಂಟಿಸಿ, ಮೇಲೊಂದು ಗುದ್ದು ಗುದ್ದಿ ಕೊಟ್ಟರು. ರಾತ್ರಿ ತೆರೆದು ತಿದ್ದೋಣ ಎಂದುಕೊಂಡು ಅರ್ಧಮೇಷ್ಟ್ರು ಕಟ್ಟನ್ನು ಸಿಬ್ಬಂದಿ ಕೋಣೆಯ ಮೇಜಿನ ಮೇಲಿಟ್ಟು ಹೆಡ್‌ಮೇಡಮ್ಮಿಗೆ ಮರುದಿನದ ಪಾಠದ ಯೋಜನೆ ತೋರಿಸಲು ಹೋದರು. ಬಂದು ನೋಡಿದರೆ ಮೇಜು ಹೊಳೆಯುತ್ತಿತ್ತು. ಜವಾನರು ಬೀರುವಿನಲ್ಲಿ ಇಟ್ಟಿರಬೇಕು ಎಂದುಕೊಂಡು ಮನೆಗೆ ಹೋಗಿ, ಭಾವ ಅಳೆದ ಮಂಚದ ಮೇಲೆ ಮಲಗಿದರು.

ಜವಾನರನ್ನು ಆ ಶಾಲೆಯಲ್ಲಿ ವಿಲೇವಾರಿ ಎಂದು ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಮೇಜಿನ ಮೇಲೆ ಏನೇ ಬಿದ್ದಿರಲಿ, ಅದನ್ನು ಸೇರಬೇಕಾದಲ್ಲಿಗೆ ಸೇರಿಸದ ಹೊರತು ಆ ಮನುಷ್ಯರಿಗೆ ಉಂಡದ್ದು ಅರಗುತ್ತಿರಲಿಲ್ಲ. ಶುಕ್ರವಾರ ಬೆಳಗ್ಗೆ ಅರ್ಧಮೇಷ್ಟ್ರು ಬಂದು ಲಕೋಟೆಗಳನ್ನು ಕೇಳಿದಾಗ ಅವರು ಸೈಕಲ್ಲು ಒರೆಸುತ್ತಿದ್ದರು. ಮೊಣಕಾಲು ಹಿಡಿದುಕೊಂಡಿದೆ ಎಂದರು. ಏಕೆಂದು ಕೇಳಿದ್ದಕ್ಕೆ ಟಪಾಲು ಪುಸ್ತಕ ತೆರೆದು ಮುಂದೆ ಹಿಡಿದರು. ಪುಟದ ತುಂಬ ರುಜುಗಳು.

“ವಿಳಾಸ ಎಷ್ಟು ಚೆನ್ನಾಗಿ ಬರೆದಿದ್ರು ಸಾರ್ ಮಕ್ಳು. ಒಂದು ಮನೇನೂ ಹುಡುಕೋ ಹಾಗಿರಲಿಲ್ಲ,” ಎಂದು ಹೆಮ್ಮೆಯಿಂದ ಹೇಳಿದರು.

ಅರ್ಧಮೇಷ್ಟ್ರ ಎದೆ ಹಳೆಯ ಕಬ್ಬಿಣದ ಪೆಟ್ಟಿಗೆ ಮೆಟ್ಟಿಲ ಮೇಲಿಂದ ಬಿದ್ದ ಹಾಗೆ ಸದ್ದು ಮಾಡಿತು. ಮಕ್ಕಳು ಏನೇನು ಬರೆದಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಪರೀಕ್ಷಕರು ಹನ್ನೊಂದಕ್ಕೆ ಬರುವವರಿದ್ದರು. ಗಂಟೆ ಆಗ ಒಂಬತ್ತು ಮುಕ್ಕಾಲು.

ಮೊದಲು ಬಂದವರು ಎದುರು ಬೀದಿಯ ಹಲ್ಲಿನ ಡಾಕ್ಟರು. ಕೈಯಲ್ಲಿ ಚರ್ಮದ ಚೀಲ, ಜೇಬಿನಲ್ಲಿ ಲಕೋಟೆ. ಅರ್ಧಮೇಷ್ಟ್ರು ಗೇಟಿನಲ್ಲೇ ತಡೆದು ಕಾಗದ ಇಸಿದುಕೊಂಡು ಓದಿದರು. ‘ನಮ್ಮ ಹೆಡ್‌ಮೇಡಂ ಎರಡು ತಿಂಗಳಿನಿಂದ ಬಲಗಡೆ ಮಾತ್ರ ಅಗಿಯುತ್ತಿದ್ದಾರೆ. ನೋವು ಜೋರಾದಾಗ ಮೇಜಿನ ಡ್ರಾಯರು ತೆಗೆದು ಮುಚ್ಚುತ್ತಾರೆ, ಅದರೊಳಗೆ ಏನೂ ಇಲ್ಲ. ಅವರಿಗೆ ನಿಮ್ಮನ್ನು ಕಂಡರೆ ಹೆದರಿಕೆ. ನೀವೇ ಬಂದು, ಬಾಗಿಲು ಹಾಕಿಕೊಳ್ಳಿ.’

ಇದು ಮಕ್ಕಳ ಅಭ್ಯಾಸ, ಕಲ್ಪನೆಯ ಬರಹ, ದಯವಿಟ್ಟು ಹಿಂದಕ್ಕೆ ಹೋಗಿ ಎಂದು ಅರ್ಧಮೇಷ್ಟ್ರು ಬೇಡಿಕೊಂಡರು. ಡಾಕ್ಟರು ಅವರ ಭುಜದ ಮೇಲಿಂದ ಕೋಣೆಯ ಕಿಟಕಿಯತ್ತ ನೋಡುತ್ತಿದ್ದರು. ಒಳಗೆ ಹೆಡ್‌ಮೇಡಂ ಕೆನ್ನೆ ಹಿಡಿದುಕೊಂಡು ಡ್ರಾಯರು ತೆಗೆದರು, ಮುಚ್ಚಿದರು, ತೆಗೆದರು, ಮುಚ್ಚಿದರು.

“ಒಳ್ಳೇ ಕಲ್ಪನೆ,” ಎಂದು ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಿಂದೆಯೇ ನೀರು ಸರಬರಾಜಿನ ಇಂಜಿನಿಯರು, ಮೂವರು ಆಳುಗಳೊಂದಿಗೆ ಗುದ್ದಲಿ ಸಮೇತ ಬಂದಿಳಿದರು. ಅವರ ಕಾಗದ ಕನ್ನಡಕದ ಹುಡುಗಿಯದು. ಅಂಗಳದ ನಲ್ಲಿ ನಿಮಿಷಕ್ಕೆ ನಲವತ್ತೊಂದು ಹನಿ ಸೋರುತ್ತದೆಂದೂ, ಅದರ ಕೆಳಗಿನ ಗುಂಡಿಯಲ್ಲಿ ಒಂದು ಕಪ್ಪೆ ಸಂಸಾರ ಹೂಡಿದೆಯೆಂದೂ, ಆದ್ದರಿಂದ ನಲ್ಲಿಯನ್ನು ಪೂರ್ತಿ ರಿಪೇರಿ ಮಾಡದೆ ನಿಮಿಷಕ್ಕೆ ಆರು ಹನಿ ಉಳಿಸಬೇಕೆಂದೂ ಬರೆದಿದ್ದಳು. ಅರ್ಧಮೇಷ್ಟ್ರು ಇಲ್ಲೂ ಕಲ್ಪನೆಯ ಮಾತೆತ್ತಿದರು.

“ನಲ್ಲಿ ಸೋರ್ತಾ ಇಲ್ವಾ?” ಇಂಜಿನಿಯರು ಕೇಳಿದರು.

“ಸೋರ್ತಾ ಇದೆ.”

“ಕಪ್ಪೆ ಇಲ್ವಾ?”

“ಇದೆ.”

“ಮತ್ತೆ ಕಲ್ಪನೆ ಎಲ್ಲಿದೆ ತೋರಿಸಿ, ಅದನ್ನ ಬಿಟ್ಟು ಬೇರೆ ಕಡೆ ಅಗೀತೀವಿ.”

ಹದಿನೇಳು ವರ್ಷದ ನೌಕರಿಯಲ್ಲಿ ತಮಗೆ ದೂರುಗಳು ಮಾತ್ರ ಬಂದಿವೆ, ಲೆಕ್ಕಾಚಾರದ ಕಾಗದ ಬಂದದ್ದು ಇದೇ ಮೊದಲು ಎನ್ನುತ್ತ ಅವರು ತೋಳು ಮಡಿಚಿದರು. ಅಂಗಳದಲ್ಲಿ ಅಗೆತ ಶುರುವಾಯಿತು. ಒಬ್ಬ ಆಳಿಗೆ ಕಪ್ಪೆಯನ್ನು ಹಿಡಿದುಕೊಂಡು ನಿಲ್ಲುವ ಕೆಲಸ.

ಮೂರನೆಯವರು ಗಡಿಯಾರ ರಿಪೇರಿಯವರು. ಶಾಲೆಯ ಮೂಲೆಯಲ್ಲೇ ಅವರ ಅಂಗಡಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೂದಲನ್ನು ನೀರು ಹಚ್ಚಿ ಬಾಚಿ, ಗೇಟಿನ ಹೊರಗೆ, ಒಳಗೆ ಬರಲೋ ಬೇಡವೋ ಎಂದು ಲೋಲಕದಂತೆ ತೂಗುತ್ತಿದ್ದರು. ಅವರು ಕಾಗದ ಕೊಡಲೊಪ್ಪಲಿಲ್ಲ. ಎದೆಯ ಜೇಬಿನ ಮೇಲೆ ಕೈಯಿಟ್ಟು, ಗಣಿತದ ಟೀಚರು ಇದ್ದಾರೆಯೇ ಎಂದಷ್ಟೇ ಕೇಳಿದರು. ಗಣಿತದ ಟೀಚರೆಂದರೆ ನಲವತ್ತು ದಾಟಿದ ಒಂಟಿ ಹೆಂಗಸು, ಇಡೀ ಶಾಲೆಯಲ್ಲಿ ಹೆಡ್‌ಮೇಡಂ ಕೂಡ ಹೆದರುವ ಏಕೈಕ ವ್ಯಕ್ತಿ. ಸ್ವಲ್ಪ ಕಾಯಿರಿ ಎಂದು ಅರ್ಧಮೇಷ್ಟ್ರು ಗಡಿಯಾರದವರನ್ನು ಐದನೇ ತರಗತಿಯೊಳಗೆ ಕೂರಿಸಿದರು, ಅಂಗಳದಲ್ಲಿ ಕೂರಿಸಲು ಅಂಗಳವೇ ಉಳಿದಿರಲಿಲ್ಲ.

ಅಷ್ಟರಲ್ಲಿ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡ ಬಿಳಿಗೂದಲಿನ ಅಜ್ಜಿಯೊಬ್ಬರು ಮಣ್ಣಿನ ಗುಡ್ಡೆ ದಾಟಿಕೊಂಡು ನಿಧಾನವಾಗಿ ಬಂದರು. ಅರ್ಧಮೇಷ್ಟ್ರು ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಅಭ್ಯಾಸ, ಕಲ್ಪನೆ, ಕ್ಷಮಿಸಿ ಎಂದು ಮೂರೂ ಮಾತನ್ನು ಒಟ್ಟಿಗೇ ಹೇಳಿ, ಹಿಂದಿನ ಬೆಂಚಿನಲ್ಲಿ ಬೆರಳಮ್ಮನ ಪಕ್ಕದಲ್ಲಿ ಕೂರಿಸಿ, ಬಾಗಿಲಿಗೆ ಓಡಿದರು. ಅಜ್ಜಿ ಆಗಲಿ ಎಂಬಂತೆ ತಲೆಯಾಡಿಸಿದರು.

ಸರಿಯಾಗಿ ಹನ್ನೊಂದಕ್ಕೆ ಗೇಟಿನಲ್ಲಿ ಕಾಣಿಸಿಕೊಂಡವರನ್ನು ನೋಡಿ ಅರ್ಧಮೇಷ್ಟ್ರಿಗೆ ಯಾವ ಅನುಮಾನವೂ ಬರಲಿಲ್ಲ. ಉದ್ದನೆಯ ಆಳು, ಕಪ್ಪು ಕೋಟು, ಸಾಲಾಗಿ ಹೊಳೆಯುವ ಗುಂಡಿಗಳು, ಬೆಳ್ಳಿ ಮೀಸೆ, ಕಂಕುಳಲ್ಲಿ ದಪ್ಪ ಪುಸ್ತಕ. ನಡಿಗೆಯಲ್ಲೇ ನೂರಾರು ಮಂದಿಯನ್ನು ಫೇಲು ಮಾಡಿದ ಗತ್ತು. ಐದನೇ ತರಗತಿ ಯಾವುದು ಎಂದು ಅವರು ಗಂಭೀರವಾಗಿ ಕೇಳಿದರು. ಅರ್ಧಮೇಷ್ಟ್ರು ಸೊಂಟ ಬಾಗಿಸಿ, ಮಣ್ಣಿನ ಮೇಲೆ ತಮ್ಮ ಕರವಸ್ತ್ರ ಹಾಸಿ ದಾಟಿಸಿಕೊಂಡು ಬಂದು, ಸಿಬ್ಬಂದಿ ಕೋಣೆಯಲ್ಲಿದ್ದ ಕೈಯಿರುವ ಒಂದೇ ಒಂದು ಕುರ್ಚಿಯನ್ನು ತಂದು ಮುಂದಿಟ್ಟು ಕೂರಿಸಿದರು.

ಆ ಹೊತ್ತಿಗೆ ಹೆಡ್‌ಮೇಡಮ್ಮಿನ ಕೋಣೆಯ ಬಾಗಿಲು ತೆರೆಯಿತು. ಡಾಕ್ಟರು ಕೈ ತೊಳೆಯಲು ನಲ್ಲಿ ಎಲ್ಲಿ ಎಂದು ಕೇಳುತ್ತ ಹೊರಬಂದರು. ಹಿಂದೆ ಹೆಡ್‌ಮೇಡಂ, ಕೆನ್ನೆ ಬನ್ನಿನಂತೆ ಉಬ್ಬಿಕೊಂಡು. ಮರಗಟ್ಟಿಸುವ ಇಂಜೆಕ್ಷನ್ನಿನಿಂದ ಅವರ ತುಟಿ ನಾಲಿಗೆಗಳು ಅವರ ಮಾತು ಕೇಳುತ್ತಿರಲಿಲ್ಲ. ಐದನೇ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿದವರೇ ಕಣ್ಣರಳಿಸಿ, “ಅವ್ವು ಅಲ್ಲ, ಇವ್ವು,” ಎಂದು ಕೈ ಆ ಕಡೆ ಈ ಕಡೆ ಬೀಸಿದರು. ನೋವಿನಿಂದ ತಾಯಿಯನ್ನು ನೆನೆಯುತ್ತಿದ್ದಾರೆ ಎಂದು ಅರ್ಧಮೇಷ್ಟ್ರು ಮರುಗಿದರು. ಅವ್ವ ಅಂದದ್ದು ಸ್ಪಷ್ಟವಾಗಿಯೇ ಕೇಳಿಸಿತ್ತು. ಡಾಕ್ಟರು ಹೆಡ್‌ಮೇಡಮ್ಮನ್ನು, ಒಂದು ಗಂಟೆ ಮಾತಾಡಬಾರದು ಎಂದು ಗದರಿ ಕರೆದುಕೊಂಡು ಹೋದರು.

ಪಾಠ ಶುರುಮಾಡಬೇಕು. ಯೋಜನೆಯ ಪ್ರಕಾರ ಐದು ಹಂತ, ಮೂರು ಚಾರ್ಟು, ಒಂದು ಗೊಂಬೆ. ಆದರೆ ಅಂಗಳದಲ್ಲಿ ಗುದ್ದಲಿಯ ಸದ್ದು, ಕಿಟಕಿಯಲ್ಲಿ ಕಪ್ಪೆ ಹಿಡಿದು ನಿಂತ ಆಳು, ಪಕ್ಕದಲ್ಲಿ ಇಣುಕುವ ಇಂಜಿನಿಯರು, ಮುಂದೆ ಕಪ್ಪು ಕೋಟು. ಮಕ್ಕಳ ಕಣ್ಣು ಒಂದಾದರೂ ಬೋರ್ಡಿನ ಮೇಲೆ ಇರಲಿಲ್ಲ. ಹಿಂದಿನ ಅರ್ಧಮೇಷ್ಟ್ರಾಗಿದ್ದರೆ ಮೇಜು ಬಡಿಯುತ್ತಿದ್ದರು. ಇವರು ಚಾರ್ಟುಗಳನ್ನು ಸುರುಳಿ ಸುತ್ತಿ ಮೂಲೆಗಿಟ್ಟು, ಮಕ್ಕಳತ್ತ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು:

“ನೀವು ಬರೆದ ಕಾಗದ ತಲುಪಿದೆ. ತಲುಪಿದೋರು ಬಂದಿದ್ದಾರೆ. ಈಗ ಅವರ ಮುಖ ನೋಡ್ಕೊಂಡು ಓದಿ.”

ಕನ್ನಡಕದ ಹುಡುಗಿ ಎದ್ದು ಇಂಜಿನಿಯರ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಗಾಡಿ ಎಳೆಯುವ ರಾಗ ಎಲ್ಲೂ ಇರಲಿಲ್ಲ. ಎದುರಿಗೆ ನಿಂತವರಿಗೆ ಹೇಳುವ ಹಾಗೆ ಹೇಳಿದಳು. ಆರು ಹನಿಯ ಮಾತು ಬಂದಾಗ ಇಂಜಿನಿಯರು, ಎಂಟು ಬಿಟ್ಟರೆ ಆಗುತ್ತದೆಯೇ ಎಂದು ಕೇಳಿದರು. ಅವಳು ಯೋಚಿಸಿ, ಎಂಟಕ್ಕೆ ಗುಂಡಿ ತುಂಬಿ ಹರಿಯುತ್ತದೆ, ಆರೇ ಸಾಕು ಎಂದಳು. ಕಪ್ಪು ಕೋಟಿನವರು ತಮ್ಮ ದಪ್ಪ ಪುಸ್ತಕ ತೆರೆದು ಏನೋ ಗೀಚಿಕೊಂಡರು. ಅರ್ಧಮೇಷ್ಟ್ರಿಗೆ ಅರ್ಧ ಅಡಿ ಎತ್ತರವಾದ ಹಾಗಾಯಿತು.

ಗಡಿಯಾರದವರು ಮೆಲ್ಲಗೆ ಎದೆಯ ಜೇಬಿನಿಂದ ಕಾಗದ ತೆಗೆದು ಡೆಸ್ಕಿನ ಮೇಲೆ ಇಟ್ಟರು. ಬರೆದ ಹುಡುಗ ಅದನ್ನು ಕಂಡದ್ದೇ ಡೆಸ್ಕಿನ ಕೆಳಗೆ ಇಳಿದುಬಿಟ್ಟ. ಏಕೆಂದರೆ ಗಲಾಟೆ ಏನೆಂದು ನೋಡಲು ಗಣಿತದ ಟೀಚರು ಬಾಗಿಲಿಗೆ ಬಂದು ನಿಂತಿದ್ದರು. ಯಾರು ಓದುತ್ತೀರಿ ಎಂದರೆ ಇಪ್ಪತ್ತೇಳು ತಲೆ ತಗ್ಗಿದವು. ಹಿಂದಿನ ಬೆಂಚಿನಿಂದ ಬೆರಳಮ್ಮ ಎದ್ದು ಬಂದಳು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಳು. ಎರಡೂ ಕೈಯಲ್ಲಿ ಹಿಡಿದದ್ದರಿಂದ ಬೆರಳಿಡಲು ಕೈ ಉಳಿದಿರಲಿಲ್ಲ.

‘ಗಣಿತದ ಟೀಚರ ಗಡಿಯಾರ ಮೂರು ತಿಂಗಳಲ್ಲಿ ಏಳು ಸಲ ಕೆಟ್ಟಿದೆ ಎಂದು ನೀವು ತಿಳಿದಿದ್ದೀರಿ. ಅದು ಒಂದು ಸಲವೂ ಕೆಟ್ಟಿಲ್ಲ. ಅವರು ನಿಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮುಳ್ಳನ್ನು ತಾವೇ ಹಿಂದಕ್ಕೆ ತಿರುಗಿಸುತ್ತಾರೆ. ನಾನು ಎರಡು ಸಲ ನೋಡಿದ್ದೇನೆ. ದಯವಿಟ್ಟು ಇನ್ನು ಮುಂದೆ ಗಡಿಯಾರ ಸರಿಮಾಡಬೇಡಿ. ಅವರ ಹತ್ತಿರ ಮಾತಾಡಿ.’

ಒಂದು ಅಕ್ಷರವೂ ತಡವರಿಸಲಿಲ್ಲ. ಅರ್ಧಮೇಷ್ಟ್ರಿಗೆ ಕಾಗದದ ಅರ್ಥ ತಲೆಗೆ ಹೋಗುವ ಮೊದಲೇ ಕಣ್ಣು ತುಂಬಿಬಂತು. ತಾನು ಪರೀಕ್ಷೆಗೆ ನಿಂತಿದ್ದೇನೆ ಎಂಬುದು ಆ ಒಂದು ನಿಮಿಷ ಅವರಿಗೆ ಮರೆತೇ ಹೋಗಿತ್ತು. ಗಣಿತದ ಟೀಚರ ಮುಖ ಕೆಂಪು ಶಾಯಿಯ ದವತಿಯಂತಾಯಿತು. ಅವರು ಡೆಸ್ಕಿನ ಕೆಳಗಿನ ಹುಡುಗನನ್ನೊಮ್ಮೆ, ಗಡಿಯಾರದವರನ್ನೊಮ್ಮೆ ನೋಡಿದರು.

ಗಡಿಯಾರದವರು ಎದ್ದು ನಿಂತು ನೆಲ ನೋಡುತ್ತ ಹೇಳಿದರು, “ನಾನೂ ಪ್ರತಿ ಸಲ ಐದು ನಿಮಿಷ ತಪ್ಪಾಗೇ ಇಟ್ಟು ಕಳಿಸ್ತಿದ್ದೆ.”

ಕಪ್ಪು ಕೋಟಿನವರಿಗೆ ಇಷ್ಟಾದ ಮೇಲೆ ತಡೆದುಕೊಳ್ಳಲಾಗಲಿಲ್ಲ. ಮೂಗು ಒರೆಸಿಕೊಂಡು ಎದ್ದರು. ಕಿಟಕಿಗೆ ಹೋಗಿ, ಆಳಿನ ಕೈಯಲ್ಲಿದ್ದ ಕಪ್ಪೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕರವಸ್ತ್ರವನ್ನು ಹೊರಗೆ ಮೂರು ಸಲ ಬೀಸಿದರು. ಗೇಟಿನಾಚೆ ಅಡಗಿ ನಿಂತಿದ್ದ ಐವರು ಒಳನುಗ್ಗಿದರು: ಎರಡು ತುತ್ತೂರಿ, ಒಂದು ಕ್ಲಾರಿನೆಟ್ಟು, ಒಂದು ಸಣ್ಣ ಡ್ರಮ್ಮು, ಹೊರುವವನಿಗಿಂತ ದೊಡ್ಡದಾದ ಒಂದು ಡ್ರಮ್ಮು. ಶಾಲೆಯ ಗೋಡೆ ನಡುಗುವಂತೆ ಬಾಜಾ ಬಜಂತ್ರಿ ಶುರುವಾಯಿತು. ದೊಡ್ಡ ಡ್ರಮ್ಮಿನ ಮೊದಲ ಏಟಿಗೆ ಗುದ್ದಲಿ ಹಿಡಿದಿದ್ದವನು ಬೆಚ್ಚಿ ಹಾಕಿದ ಪೆಟ್ಟು ಪೈಪಿಗೆ ಬಿತ್ತು. ನೀರು ಚಾವಣಿಯೆತ್ತರಕ್ಕೆ ಚಿಮ್ಮಿತು. ಕಪ್ಪೆ ಕೈಯಿಂದ ಹಾರಿ ಕುರ್ಚಿಯ ಮೇಲೆ ಕೂತಿತು.

ಪರೀಕ್ಷಕರು ಬ್ಯಾಂಡು ಕಟ್ಟಿಕೊಂಡು ಬರುವುದಿಲ್ಲ ಎಂಬಷ್ಟು ಲೋಕಜ್ಞಾನ ಅರ್ಧಮೇಷ್ಟ್ರಿಗಿತ್ತು. ನೀವು ಯಾರು ಎಂದು ತುತ್ತೂರಿಗಳ ಮೇಲೆ ಕಿರುಚಿ ಕೇಳಿದರು. ತಾವು ಬ್ಯಾಂಡ್ ಮಾಸ್ತರೆಂದು ಆ ಮಹನೀಯರು ಅಷ್ಟೇ ಗಂಭೀರವಾಗಿ ಹೇಳಿ ಲಕೋಟೆ ಮುಂದೆ ಹಿಡಿದರು. ‘ನಮ್ಮ ಶಾಲೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿ ಅಳಿಸಿಹೋಗಿದೆ. ವಯಸ್ಸೆಷ್ಟೆಂದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ನಾಳೆಗೆ ನೂರು ತುಂಬುತ್ತದೆ ಎಂದು ನಾನು ತೀರ್ಮಾನಿಸಿದ್ದೇನೆ. ನೀವು ಬಾರದಿದ್ದರೆ ಪಾಪ, ಅದಕ್ಕೆ ತಿಳಿಯುವುದೇ ಇಲ್ಲ.’ ಇಂಥ ಕಾಗದ ಓದಿ ಮನೆಯಲ್ಲಿ ಕೂರಲು ತನ್ನಿಂದಾಗಲಿಲ್ಲ ಎಂದು ಮಾಸ್ತರು ಮತ್ತೆ ಕಣ್ಣೊರೆಸಿಕೊಂಡರು.

ಅಷ್ಟು ಹೊತ್ತಿಗೆ ನಾಲಿಗೆ ಸ್ವಲ್ಪ ಹಿಡಿತಕ್ಕೆ ಬಂದ ಹೆಡ್‌ಮೇಡಂ, ನೀರಿನಲ್ಲಿ ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದರು. “ಪಳೀಕ್ಷಕಳು,” ಎಂದು ಒಂದೊಂದೇ ಅಕ್ಷರ ಜೋಡಿಸಿ ಹೇಳಿ, ಕೊನೆಯ ಬೆಂಚಿನತ್ತ ಕೈ ತೋರಿಸಿದರು.

ಬಿಳಿಗೂದಲಿನ ಅಜ್ಜಿ ಬಟ್ಟೆಯ ಚೀಲದಿಂದ ಕಾಲೇಜಿನ ಮೊಹರಿನ ಕಡತ ಹೊರತೆಗೆದು ಡೆಸ್ಕಿನ ಮೇಲೆ ಇಟ್ಟುಕೊಂಡು, ಬೆರಳಮ್ಮನ ಸೀಸದಕಡ್ಡಿ ಎರವಲು ಪಡೆದು ಎಷ್ಟೋ ಹೊತ್ತಿನಿಂದ ಬರೆಯುತ್ತಿದ್ದರು. ಪುಟಗಳು ನಾಲ್ಕು ತುಂಬಿದ್ದವು.

ಪರೀಕ್ಷಕರನ್ನು ಮಾತಾಡಿಸದೆ ಹಿಂದೆ ಕೂರಿಸಿ, ಬ್ಯಾಂಡಿನವರಿಗೆ ಕುರ್ಚಿ ಹಾಕಿ, ಶಾಲೆಗೆ ನೀರು ನುಗ್ಗಿಸಿ, ಹೆಡ್‌ಮೇಡಮ್ಮಿನ ಬಾಯಿ ಕಟ್ಟಿಸಿ, ಗಣಿತದ ಟೀಚರ ಗುಟ್ಟು ಬಯಲು ಮಾಡಿ ಆಗಿತ್ತು. ಇದರ ಮುಂದೆ ಹೋದ ವರ್ಷದ ಎರಡು ಖಂಡಗಳು ಏನೂ ಅಲ್ಲ. ಅರ್ಧಮೇಷ್ಟ್ರು ಒದ್ದೆ ನೆಲದ ಮೇಲೆ ನಡೆದು ಕೊನೆಯ ಬೆಂಚಿನ ಮುಂದೆ ನಿಂತು ಕೈ ಜೋಡಿಸಿದರು. ಅಜ್ಜಿ ಮಕ್ಕಳನ್ನು ಬಿಡುವಿಗೆ ಕಳಿಸಲು ಹೇಳಿದರು. ಮಕ್ಕಳು ಬ್ಯಾಂಡಿನ ಹಿಂದೆ ನೀರಿಗೆ ಓಡಿದರು, ದೊಡ್ಡವರೂ ಒಬ್ಬೊಬ್ಬರಾಗಿ ಹೊರಬಿದ್ದರು. ಬೆರಳಮ್ಮ ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿ ಹೋದಳು.

ಇಬ್ಬರೇ ಉಳಿದ ಮೇಲೆ ಅಜ್ಜಿ ಹೇಳಿದ್ದನ್ನು ಅರ್ಧಮೇಷ್ಟ್ರು ಮೊದಲು ನಂಬಲೇ ಇಲ್ಲ. ಮೂವತ್ತೊಂದು ವರ್ಷದಲ್ಲಿ ತಾನು ಸಾವಿರಕ್ಕೂ ಮೀರಿ ಪಾಠ ನೋಡಿದ್ದೇನೆ, ಓದು ಅಂದರೇನು ಬರಹ ಅಂದರೇನು ಎಂದು ಮಕ್ಕಳಿಗೆ ಇಷ್ಟು ಚೆನ್ನಾಗಿ ಅರ್ಥವಾದ ತರಗತಿ ನೋಡಿಲ್ಲ ಎಂದರು. ಯೋಜನೆ ಕೈಬಿಟ್ಟದ್ದಕ್ಕೆ ಅರ್ಧ ಪುಟ ಹೊಗಳಿ ಬರೆದಿದ್ದೇನೆ ಎಂದರು. ಕಡತ ತಿರುಗಿಸಿ ತೋರಿಸಿದರು. ಓದಿಸುವ ಕ್ರಮಕ್ಕೆ ನೂರಕ್ಕೆ ನೂರು. ಬರೆಸುವ ಕ್ರಮಕ್ಕೆ ನೂರಕ್ಕೆ ನೂರು. ಅರ್ಧಮೇಷ್ಟ್ರ ಕಣ್ಣೆದುರು ನದಿ, ನದಿಯಾಚೆಯ ಊರು, ಅಲ್ಲಿನ ಶಾಲೆಯ ಗೇಟು ಎಲ್ಲ ಒಂದರ ಹಿಂದೊಂದು ತೇಲಿಬಂದವು. ಭಾವ ಮಂಚ ಎತ್ತಲು ಸಹಾಯ ಮಾಡುತ್ತಿರುವುದು ಕೂಡ ಕಾಣಿಸಿತು.

ಅವರ ಕಣ್ಣು ಪುಟದ ಕೆಳಗೆ ಇಳಿಯಿತು. ಫಲಿತಾಂಶ: ಫೇಲು. ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಅಭ್ಯಾಸ ಮಾಡತಕ್ಕದ್ದು.

ಲೆಕ್ಕ ತಪ್ಪಿರಬೇಕು ಎಂದು ಅವರು ತೊದಲಿದರು. ಅಜ್ಜಿ ಇಲ್ಲವೆಂದು ತಲೆಯಾಡಿಸಿ, ಚೀಲದ ತಳದಿಂದ ಒಂದು ಲಕೋಟೆ ತೆಗೆದರು. ನಿನ್ನೆ ಸಂಜೆ ನಿಮ್ಮ ಶಾಲೆಯ ಜವಾನರು ಸೈಕಲ್ಲಿನಲ್ಲಿ ತಂದು ಕೊಟ್ಟು, ರುಜು ಹಾಕಿಸಿಕೊಂಡು ಹೋದರು ಎಂದರು. ಅಕ್ಷರಗಳು ದುಂಡಗಿದ್ದವು. ಒಂದೊಂದೂ ಬೆರಳಿಟ್ಟು ಒತ್ತಿದ ಹಾಗೆ ಕೂತಿದ್ದವು.

‘ಪರೀಕ್ಷಕರಿಗೆ. ನಮ್ಮ ಮೇಷ್ಟ್ರ ಎಡಗಾಲಿನ ಬೂಟು ಕೀಚ್ ಎನ್ನುತ್ತದೆ. ಅದು ಮೂಲೆಯಲ್ಲಿ ಕೇಳಿಸಿದ ಕೂಡಲೇ ನಾವು ಇಪ್ಪತ್ತೆಂಟು ಜನರೂ ಯಾರೂ ಹೇಳದೆ ಪುಸ್ತಕ ತೆಗೆಯುತ್ತೇವೆ. ನಾಳೆ ನೀವು ಪಾಸು ಮಾಡಿದರೆ ಆ ಬೂಟು ಬೇರೆ ಊರಿಗೆ ಹೋಗುತ್ತದೆ. ಅಲ್ಲಿಯ ಮಕ್ಕಳಿಗೆ ಅದು ಬರೀ ಸದ್ದು. ಇನ್ನೊಂದು ವಿಷಯ. ಮೇಷ್ಟ್ರು ಇನ್ನೂ ಪೂರ್ತಿ ಕಲಿತಿಲ್ಲ. ಹಾಜರಿ ಕರೆಯುವಾಗ ದಿನಾ ಒಂದು ಹೆಸರು ಬಿಡುತ್ತಾರೆ. ಬೋರ್ಡಿನ ಮೇಲೆ ಅವರ ಸಾಲು ಇಳಿಜಾರಿನಲ್ಲಿ ಹೋಗುತ್ತದೆ. ಕೋಪ ಬಂದರೆ ಕಿಟಕಿಯ ಹೊರಗೆ ನೋಡಿ ನಕ್ಕುಬಿಡುತ್ತಾರೆ. ನಾವು ಅವರನ್ನು ಇಲ್ಲಿಯವರೆಗೆ ತಂದಿದ್ದೇವೆ. ಉಳಿದದ್ದಕ್ಕೆ ಇನ್ನೊಂದು ವರ್ಷ ಬೇಕು. ಓದು ಬರದವರನ್ನು ನಡುವೆ ಕೈಬಿಡಬಾರದು ಎಂದು ನನಗೆ ಅವರನ್ನು ನೋಡಿ ಗೊತ್ತಾಗಿದೆ. ಆದ್ದರಿಂದ ದಯವಿಟ್ಟು ಅವರನ್ನು ಫೇಲು ಮಾಡಬೇಕು.’

ಅರ್ಧಮೇಷ್ಟ್ರು ಓದಿ ಮುಗಿಸಿದರು. ಅಜ್ಜಿ ಮೆತ್ತಗೆ ಹೇಳಿದರು:

“ನಾನೂ ಯೋಚನೆ ಮಾಡ್ದೆ ಕಣಪ್ಪ. ನಿಮ್ಮನ್ನ ಪಾಸು ಮಾಡಿದ್ರೆ ಈ ಕಾಗದ ಸೋತ ಹಾಗೆ. ಕಾಗದ ಸೋತ್ರೆ ನಿಮ್ಮ ಪಾಠ ಸೋತ ಹಾಗೆ. ಪಾಠ ಸೋತೋರನ್ನ ಪಾಸು ಮಾಡೋದು ಹೇಗೆ?”

ಹೊರಗೆ ಬ್ಯಾಂಡಿನವರು ಒದ್ದೆಯಾದ ಡ್ರಮ್ಮನ್ನು ಬಡಿಯುತ್ತಿದ್ದರು. ಅರ್ಧಮೇಷ್ಟ್ರು ಕಾಗದವನ್ನು ಎರಡನೇ ಸಲ, ಮೂರನೇ ಸಲ ಓದಿದರು. ಎಲ್ಲಾದರೂ ಒಂದು ಒತ್ತಕ್ಷರ ತಪ್ಪಿದ್ದರೆ, ಒಂದು ವಾಕ್ಯ ಜೊಳ್ಳಾಗಿದ್ದರೆ, ಬೇಡಿಕೆ ಎರಡಾಗಿದ್ದರೆ, ಅದನ್ನು ಹಿಡಿದು ವಾದ ಹೂಡಬಹುದಿತ್ತು. ಒಂದೂ ಇರಲಿಲ್ಲ. ಅಜ್ಜಿ ಕಡತ ಕಟ್ಟಿ, ಚೀಲ ಹೆಗಲಿಗೇರಿಸಿ, ಕಾಗದ ತಮಗೆ ಬಂದದ್ದಾದ್ದರಿಂದ ವಾಪಸು ಕೊಡಬೇಕೆಂದು ಕೈ ಚಾಚಿದರು.

ಒಂದು ನಿಮಿಷ ಇರಿ ಎಂದ ಅರ್ಧಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಕಾಗದವನ್ನು ಡೆಸ್ಕಿನ ಮೇಲೆ ಹರಡಿ, ಕೊನೆಯಲ್ಲಿ ಹತ್ತಕ್ಕೆ ಹತ್ತು ಹಾಕಿ, ರುಜು ಮಾಡಿ ಕೊಟ್ಟರು.